ಓದಲಾರದ ಕಾಗದಕ್ಕೆ ಹಾಕಿದ ರುಜು

ತಿರುಪ್ಪೂರಿನಿಂದ ಬನಿಯನ್ ಕಟ್ಟುಗಳನ್ನು ಹೇರಿಕೊಂಡು, ರಾತ್ರಿಯಿಡೀ ಓಡಿ, ಬೆಳಗಾಗುವ ಮೊದಲೇ ನಮ್ಮೂರ ಜವಳಿ ಅಂಗಡಿಗಳ ಮುಂದೆ ಬಂದು ನಿಲ್ಲುವ ಪಿಕಪ್ ಗಾಡಿಗಳನ್ನು ವಾಚಕರು ಕಂಡಿರಬಹುದು. ಅಂಥದೊಂದು ಗಾಡಿಯ ಚಾಲಕ ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತವನು. ಮಲಯಾಳ ಸರಾಗವಾಗಿ ಆಡುತ್ತಾನೆ, ತಮಿಳು ಕೇಳಿದರೆ ಅರ್ಧಂಬರ್ಧ ತಿಳಿಯುತ್ತದೆ. ತಮಿಳು ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ.

ಒಂದು ಸಂಜೆ ಅವನ ತಾಯಿ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಸೆರಗಿನ ತುದಿಯಲ್ಲಿ ಮಡಚಿ ಕಟ್ಟಿದ್ದ ಒಂದು ಕಾಗದವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಇದರಲ್ಲಿ ಎಂತ ಬರೆದಿದ್ದಾರೆ ಅಂತ ಒಮ್ಮೆ ಓದಿ ಹೇಳಿ ಮಾಷ್ಟ್ರೇ. ಕೇಳಿದರೆ ಮಗ ಬಾಯಿ ಬಿಡುವುದಿಲ್ಲ."

ಕಾಗದ ತಮಿಳಿನಲ್ಲಿತ್ತು. ಇಪ್ಪತ್ತು ವರ್ಷಗಳಿಂದ ಊರ ಮಕ್ಕಳಿಗೆ ಓದು ಕಲಿಸುತ್ತ ಬಂದವನು ಒಂದು ಪುಟದ ಮುಂದೆ ನಿರಕ್ಷರಿಯಾಗಿ ಕುಳಿತೆ. ಅದರೊಳಗೆ ನನಗೆ ಓದಲು ಬಂದದ್ದು ಅಂಕೆಗಳು ಮಾತ್ರ. 1988 ಎಂದಿತ್ತು, 185 ಎಂದಿತ್ತು. ಅಷ್ಟು ಸಾಕಾಯಿತು. 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮು ಎಂದರೆ ಕುಡಿದು ಗಾಡಿ ಓಡಿಸಿದ ಆಪಾದನೆ.

ಮರುದಿನ ಹುಡುಗನನ್ನು ಕರೆಸಿದೆ. ಅವನು ಹೇಳಿದ್ದಿಷ್ಟು. ಅಂದು ಗಾಡಿಗೆ ಸರಕು ತುಂಬುವುದು ತಡವಾಯಿತು. ಜೊತೆಯ ಚಾಲಕನೊಬ್ಬನ ಮನೆಯಲ್ಲಿ ಮದುವೆ ನಿಶ್ಚಯದ ಊಟ. ಅಲ್ಲಿ ಬ್ರಾಂದಿ ಕುಡಿದ. ರಾತ್ರಿ ಒಂಬತ್ತರ ಸುಮಾರಿಗೆ ಗಾಡಿ ಹೊರಡಿಸಿದ. ಹೆದ್ದಾರಿಗೆ ಸೇರುವ ಮೊದಲೇ ಪೊಲೀಸರು ಕೈ ತೋರಿಸಿದರು. ಯಂತ್ರದ ಕೊಳವೆಗೆ ಊದಿದಾಗ 46 ಎಂದು ಚೀಟಿ ಬಂತು. ಲೈಸನ್ಸನ್ನೂ ಗಾಡಿಯನ್ನೂ ಇಟ್ಟುಕೊಂಡರು. ಠಾಣೆಯಲ್ಲಿ ಎರಡು ಕಾಗದಗಳಿಗೆ ರುಜು ಹಾಕಿಸಿದರು. ನಡುರಾತ್ರಿಯ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ದರು, ಬೆಳಗ್ಗೆ ಜಾಮೀನಿನ ಮೇಲೆ ಬಿಟ್ಟರು.

"ಕುಡಿದದ್ದು ಹೌದು ಮಾಷ್ಟ್ರೇ, ಸುಳ್ಳು ಹೇಳುವುದಿಲ್ಲ. ಎರಡು ಗ್ಲಾಸು. ಆದರೆ ಆ ಕಾಗದದಲ್ಲಿ ಎಂತ ಉಂಟು ಅಂತ ನನಗೆ ಗೊತ್ತಿಲ್ಲ."

ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಈ ಸಂಗತಿ ಹೇಳಿ, ಎರಡು ದಿನ ರಜೆ ಹಾಕುತ್ತೇನೆ ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಮ್ಮ ಮಕ್ಕಳು ದಿನಕ್ಕೆರಡು ಬಾರಿ ಹೆದ್ದಾರಿ ದಾಟುವವರು. ಕುಡಿದು ಓಡಿಸಿದವನ ಬೆನ್ನ ಹಿಂದೆ ನೀವು ಕೋರ್ಟಿಗೆ ಹೋಗುವುದೇ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ರೈಲಿನಲ್ಲಿ ಕುಳಿತು ಶೋರನೂರು, ಪಾಲಕ್ಕಾಡು, ವಾಳಯಾರು ದಾಟುವವರೆಗೂ ಅದು ನನ್ನ ಜೊತೆಯಲ್ಲೇ ಬಂತು.

ಈ ಕಾನೂನಿನ ಸ್ವರೂಪ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ನಮ್ಮ ಕಾಸರಗೋಡೂ ಕೊಯಮತ್ತೂರೂ ಒಂದೇ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿರೋಧವು 1948ರಲ್ಲಿ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಆಗ ಕುಡಿಯುವುದೇ ಅಪರಾಧ. ಆದರೆ ಓಡಿಸುವವನ ಮಟ್ಟಿಗೆ 1939ರ ಮೋಟಾರು ಕಾಯಿದೆ ಬೇರೊಂದನ್ನು ಕೇಳುತ್ತಿತ್ತು: ಗಾಡಿಯನ್ನು ಹತೋಟಿಯಲ್ಲಿಡಲಾರದಷ್ಟು ಅಮಲೇರಿತ್ತೇ? 1988ರ ಕಾಯಿದೆ ಮೊದಲು ಬಂದಾಗ ರಕ್ತದಲ್ಲಿ ಮದ್ಯ ಎಷ್ಟೇ ಸ್ವಲ್ಪವಿರಲಿ ತಪ್ಪೇ ಎಂದಿತು. 1994ರ ತಿದ್ದುಪಡಿಯಲ್ಲಿ ಒಂದು ಗೆರೆ ಎಳೆದರು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಅದಕ್ಕೆ ಮೀರಿದರೆ ಅಪರಾಧ. ಇಂಗ್ಲೆಂಡಿನಲ್ಲಿ 1967ರಲ್ಲಿ ಇದೇ ಗೆರೆಯನ್ನು 80ಕ್ಕೆ ಎಳೆದಿದ್ದರೆಂಬುದನ್ನು ನೋಡಿದರೆ ನಮ್ಮ ಕಾನೂನು ಬಿಗಿಯಾದದ್ದೇ. 2019ರ ತಿದ್ದುಪಡಿಯ ನಂತರ ಮೊದಲ ಸಲದ ತಪ್ಪಿಗೆ 10,000 ರೂಪಾಯಿ ಜುಲ್ಮಾನೆ, ಇಲ್ಲವೇ 6 ತಿಂಗಳ ತನಕ ಸಜೆ, ಇಲ್ಲವೇ ಎರಡೂ. ಮತ್ತೊಮ್ಮೆ ಸಿಕ್ಕಿದರೆ 15,000, ಸಜೆ 2 ವರ್ಷದ ತನಕ. ಇದು ರಸ್ತೆಬದಿಯಲ್ಲಿ ಹಣ ಕಟ್ಟಿ ರಶೀದಿ ಪಡೆದು ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ನ್ಯಾಯಾಲಯಕ್ಕೆ ಹೋಗಲೇಬೇಕು. ಅಲ್ಲೇ ಕೊಟ್ಟು ಮುಗಿಸೋಣ ಎಂದು ಯಾರಾದರೂ ಹೇಳಿದರೆ ಆ ಹಣ ಸರಕಾರಕ್ಕೆ ಹೋಗುವುದಲ್ಲ ಎಂದು ತಿಳಿಯತಕ್ಕದ್ದು.

ಗಾಡಿಯ ಯಜಮಾನರು ಗೊತ್ತುಮಾಡಿದ್ದ ವಕೀಲರ ಕಚೇರಿ ಒಂದು ಮಹಡಿಯ ಮೇಲಿತ್ತು. ವಕೀಲರು ಇನ್ನೂ ಬಂದಿರಲಿಲ್ಲ. ಮೇಜಿನ ಹಿಂದೆ ಕಡತ ಕಟ್ಟುತ್ತಿದ್ದ ವಯಸ್ಸಾದ ಗುಮಾಸ್ತರು ನಾವಿಬ್ಬರು ಮಾತಾಡುವುದನ್ನು ಕೇಳಿ ತಲೆಯೆತ್ತಿದರು.

"ನೀವು ಕನ್ನಡದವರಾ? ನಮ್ಮ ಮನೇಲೂ ಕನ್ನಡಾನೇ ಸಾರ್."

ದೇವಾಂಗರ ಪೈಕಿ. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರಲ್ಲೂ ಒಕ್ಕಲಿಗರಲ್ಲೂ ಅನೇಕರ ಮನೆಮಾತು ಇಂದಿಗೂ ಕನ್ನಡವೇ. 1799ರಲ್ಲಿ ಟಿಪ್ಪು ಬೀಳುವ ತನಕ ಆ ಸೀಮೆ ಮೈಸೂರಿಗೆ ಸೇರಿತ್ತೆಂಬುದನ್ನು ನಾವು ಪಾಠದಲ್ಲಿ ಹೇಳುತ್ತೇವೆ, ಮರೆಯುತ್ತೇವೆ. ಅವರ ಕನ್ನಡ ಕಿವಿಗೆ ಹಳತಾಗಿ, ನಡುನಡುವೆ ತಮಿಳು ಬೆರೆತು ಕೇಳುತ್ತಿತ್ತು. ಆಡಬಲ್ಲರು, ಬರೆಯಲಾರರು, ಅವರ ಕಾಲಕ್ಕೆ ಆ ಊರಲ್ಲಿ ಕನ್ನಡ ಅಕ್ಷರ ಕಲಿಸುವವರಿರಲಿಲ್ಲವಂತೆ. ಹೀಗೆ ಆ ಮೇಜಿನ ಸುತ್ತ ಒಂದು ವಿಚಿತ್ರ ಕೂಟವಾಯಿತು: ತಮಿಳು ಓದಬಲ್ಲ ಕನ್ನಡಿಗರೊಬ್ಬರು, ಕನ್ನಡ ಓದಬಲ್ಲ ಕನ್ನಡಿಗರಿಬ್ಬರು. ಅವರು ಕಡತ ತೆರೆದು ಬೆರಳಿಟ್ಟು ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದರು.

ಮೊದಲ ಅರ್ಧ ಹುಡುಗ ಹೇಳಿದಂತೆಯೇ ಇತ್ತು. ಮುಂದಕ್ಕೆ ಬಂದದ್ದು ಬೇರೆ. ಗಾಡಿ ಅಡ್ಡಾದಿಡ್ಡಿಯಾಗಿ ಬಂತು, ಚಹಾ ಅಂಗಡಿಯ ಮುಂದೆ ನಿಂತಿದ್ದ ಜನರ ಮೇಲೆ ಹಾಯುವುದರಲ್ಲಿತ್ತು, ಅವರು ಓಡಿ ಪ್ರಾಣ ಉಳಿಸಿಕೊಂಡರು ಎಂದಿತ್ತು. ಆದುದರಿಂದ ಕುಡಿತದ ಆಪಾದನೆಯ ಜೊತೆಗೆ ಜನರ ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಓಡಿಸಿದ ಆಪಾದನೆಯೂ ಸೇರಿತ್ತು. ಎಲ್ಲವನ್ನೂ ಒಪ್ಪಿಕೊಂಡಿದ್ದೇನೆಂದು ಕೊನೆಗೆ ಒಂದು ವಾಕ್ಯ. ಅದರ ಕೆಳಗೆ, ನಾನು ಎಂಟನೆಯ ತರಗತಿಯಲ್ಲಿ ತಿದ್ದಿಸಿದ ಅಕ್ಷರಗಳಲ್ಲಿ, ಅವನ ಕನ್ನಡ ರುಜು.

ಹುಡುಗನ ಮುಖ ಕೆಂಪಾಯಿತು. "ಅಂಗಡಿಯ ಹತ್ತಿರಕ್ಕೇ ನಾನು ಹೋಗಲಿಲ್ಲ. ಕೈ ತೋರಿಸಿದ ಕೂಡಲೇ ನಿಲ್ಲಿಸಿದ್ದೇನೆ" ಎಂದ.

ವಕೀಲರು ಬಂದ ಮೇಲೆ ಮೊದಲು ಹೇಳಿದ ಮಾತೇ ಸಮಾಧಾನದ್ದು. ಠಾಣೆಯಲ್ಲಿ ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಸಾಕ್ಷ್ಯವಾಗಿ ಎತ್ತಿಕೊಳ್ಳುವಂತಿಲ್ಲ. ತನಿಖೆಯ ವೇಳೆ ಕೊಟ್ಟ ಹೇಳಿಕೆಗೆ ರುಜು ಹಾಕಿಸಲಿಕ್ಕೂ ಇಲ್ಲ. ಇದು ಬ್ರಿಟಿಷರ ಕಾಲದಿಂದ ಬಂದ ಕಟ್ಟಳೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲೂ ಉಳಿದಿದೆ. ಆಮೇಲೆ ಅವರು ಕಡತದಿಂದ ಮೂರು ಕಾಗದಗಳನ್ನು ಎತ್ತಿ ಮೇಜಿನ ಮೇಲೆ ಸಾಲಾಗಿಟ್ಟರು. ಯಂತ್ರದ ಚೀಟಿ, ದಸ್ತಗಿರಿಯ ಹೊತ್ತು ಬರೆದ ಕಾಗದ, ವೈದ್ಯರ ಚೀಟಿ. ಇಂಥ ಮೊಕದ್ದಮೆ ನಿಲ್ಲುವುದೂ ಬೀಳುವುದೂ ಈ ಮೂರರ ಮೇಲೆಯೇ ಎಂದರು.

ಯಂತ್ರ ನೇರವಾಗಿ ರಕ್ತವನ್ನು ಅಳೆಯುವುದಿಲ್ಲ, ಉಸಿರನ್ನು ಅಳೆದು ಲೆಕ್ಕ ಹಾಕುತ್ತದೆ. 2,100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಮದ್ಯ 1 ಮಿಲಿಲೀಟರ್ ರಕ್ತದಲ್ಲಿದೆ ಎಂಬುದು ರೂಢಿಯ ಲೆಕ್ಕ. ಬಾಯೊಳಗೆ ಮದ್ಯದ ಅಂಶ ಉಳಿದಿದ್ದರೆ ಈ ಲೆಕ್ಕ ತಪ್ಪುತ್ತದೆ. ಅದಕ್ಕಾಗಿಯೇ 15 ನಿಮಿಷ ಕಾದು ಊದಿಸುವ ಕ್ರಮವುಂಟು. 2025ರ ಜುಲೈಯಲ್ಲಿ ಪತ್ತನಂತಿಟ್ಟ ಜಿಲ್ಲೆಯ ಪಂದಳದ ಸರಕಾರಿ ಬಸ್ ಡಿಪೋದಲ್ಲಿ ನಡೆದದ್ದನ್ನು ಕೇಳಿ ನಗದವರಿಲ್ಲ. ಬೆಳಗ್ಗೆ ಕೆಲಸಕ್ಕೆ ಹಾಜರಾದ ಚಾಲಕರು ಊದಿದಾಗ ಯಂತ್ರ ಮದ್ಯ ತೋರಿಸಿತು. ಅವರು ತಿಂದದ್ದು ತೇನ್‌ವರಿಕ್ಕ ಹಲಸಿನ ಹಣ್ಣು, ನಮ್ಮ ಬಕ್ಕೆಯ ಜಾತಿಯದು. ತಿನ್ನುವ ಮೊದಲು ಸೊನ್ನೆ ಬಂದವನಿಗೂ ತಿಂದ ಮೇಲೆ ಅಂಕೆ ಬಂತು. ಹಣ್ಣು ಕಳಿತು ಹುದುಗಿದ್ದೇ ಕಾರಣ. ಆದರೆ ಅಲ್ಲಿ ಕಂಡ ಅಂಕೆ 10ರ ಆಸುಪಾಸು. ನಮ್ಮವನದ್ದು 46. ಹಲಸಿನ ಹಣ್ಣಿನ ಕತೆ ಹೇಳಿ ಪಾರಾಗುವಂತಿರಲಿಲ್ಲ. ಹೇಳಬೇಕೆಂದು ಅವನಿಗೂ ಇರಲಿಲ್ಲ.

ಎರಡನೆಯ ಕಾಗದದಲ್ಲಿ ದಸ್ತಗಿರಿಯ ಸಮಯ ರಾತ್ರಿ 9.10 ಎಂದಿತ್ತು. ಮೂರನೆಯದರಲ್ಲಿ ವೈದ್ಯರು ನೋಡಿದ್ದು 11.50ಕ್ಕೆ. 185ರ ಕೆಳಗೆ ದಸ್ತಗಿರಿಯಾದವನನ್ನು 2 ಗಂಟೆಗಳೊಳಗೆ ನೋಂದಾಯಿತ ವೈದ್ಯರ ಪರೀಕ್ಷೆಗೆ ಒಳಪಡಿಸತಕ್ಕದ್ದು, ಇಲ್ಲವಾದರೆ ಬಂಧನದಿಂದ ಬಿಡತಕ್ಕದ್ದು ಎಂದು 202ನೇ ಕಲಮು ಹೇಳುತ್ತದೆ. ಈ ಅವಧಿಗೆ ಅರ್ಥವುಂಟು. ಸಾಮಾನ್ಯವಾಗಿ ಗಂಟೆಗೆ 15 ಮಿಲಿಗ್ರಾಮಿನಂತೆ ರಕ್ತದ ಮದ್ಯ ಇಳಿಯುತ್ತ ಹೋಗುತ್ತದೆ. 46 ಇದ್ದವನು ಒಂದೂವರೆ ಗಂಟೆಯಲ್ಲಿ 30ರ ಗೆರೆಯಿಂದ ಕೆಳಗಿಳಿಯಬಹುದು. ತಡವಾದರೆ ತಪ್ಪಿತಸ್ಥನಿಗೂ ಲಾಭ, ನಿರಪರಾಧಿಗೂ ತನ್ನ ಸತ್ಯ ತೋರಿಸಲು ದಾರಿಯಿಲ್ಲ. 2019ರ ಆಗಸ್ಟಿನಲ್ಲಿ ತಿರುವನಂತಪುರದಲ್ಲಿ ಪತ್ರಕರ್ತ ಕೆ.ಎಂ. ಬಶೀರ್ ಹಿರಿಯ ಅಧಿಕಾರಿಯೊಬ್ಬರ ಕಾರು ಬಡಿದು ತೀರಿಹೋದಾಗ, ಆ ಅಧಿಕಾರಿಯ ರಕ್ತ ತೆಗೆದದ್ದು ಹಲವು ಗಂಟೆಗಳ ನಂತರ. ಪರೀಕ್ಷೆಯಲ್ಲಿ ಮದ್ಯ ಕಾಣಲಿಲ್ಲ. ಕೇರಳದಲ್ಲಿ ಅದರ ಚರ್ಚೆ ಇಂದಿಗೂ ಮುಗಿದಿಲ್ಲ. ಪಿಕಪ್ ಚಾಲಕನನ್ನಾದರೋ ರಸ್ತೆಬದಿಯಲ್ಲೇ ಊದಿಸುತ್ತಾರೆ. ಊದಿಸುವುದು ತಪ್ಪೆಂದಲ್ಲ, ಎಲ್ಲರನ್ನೂ ಊದಿಸಲಿ.

ಊದಲು ನಿರಾಕರಿಸಿದರೆ ಗೆದ್ದಂತೆ ಎಂಬ ನಂಬಿಕೆ ನಮ್ಮ ಚಾಲಕರಲ್ಲಿ ಬಹಳ. ಅದು ಶುದ್ಧ ತಪ್ಪು. ನಿರಾಕರಿಸಿದವನನ್ನು ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು, ರಕ್ತ ಕೇಳಬಹುದು. ಸರಿಯಾದ ಕಾರಣವಿಲ್ಲದ ನಿರಾಕರಣೆಯನ್ನು 205ನೇ ಕಲಮಿನಂತೆ ಅವನ ವಿರುದ್ಧವೇ ಪರಿಗಣಿಸಬಹುದು. ಅದರ ಬದಲು, ದಸ್ತಗಿರಿಯಾದವನಿಗೆ ಠಾಣೆಯಲ್ಲಿ ಇನ್ನೊಮ್ಮೆ ಊದುವ ಅವಕಾಶ ಕೊಡಬೇಕೆಂದು 203ನೇ ಕಲಮಿನಲ್ಲುಂಟು. ಅದನ್ನು ಕೇಳುವವರು ಕಡಿಮೆ.

ನಮ್ಮ ಹುಡುಗನ ವೈದ್ಯರ ಚೀಟಿಯಲ್ಲಿ ರಕ್ತದ ಮಾತಿರಲಿಲ್ಲ. ಬಾಯಲ್ಲಿ ಮದ್ಯದ ವಾಸನೆ, ಕಣ್ಣು ಕೆಂಪು, ಅಷ್ಟೆ. ಇಷ್ಟರಿಂದಲೇ ಒಬ್ಬನು ಕುಡಿದಿದ್ದನೆಂದು ತೀರ್ಮಾನಿಸಬಹುದೇ? ಬಚ್ಚುಭಾಯಿ ಹಸನಲ್ಲಿ ಕಾರ್ಯಾಣಿ ಎಂಬವರ ಮೊಕದ್ದಮೆಯಲ್ಲಿ 1971ರಲ್ಲೇ ಸುಪ್ರೀಂ ಕೋರ್ಟು ಈ ಪ್ರಶ್ನೆ ಎತ್ತಿಕೊಂಡು, ವಾಸನೆ, ತೂರಾಡುವ ನಡಿಗೆ, ಅಗಲಿಸಿದ ಕಣ್ಣುಪಾಪೆ, ತೊದಲು ಮಾತು ಇವುಗಳಿಂದಲೇ ಖಚಿತ ನಿರ್ಣಯಕ್ಕೆ ಬರಲಾಗದೆಂದಿತು. ಬೇಕಾದ ತೀರ್ಪೇ. ರಾತ್ರಿಯಿಡೀ ಓಡಿಸುವವನ ಕಣ್ಣು ಕುಡಿಯದೆಯೂ ಕೆಂಪಾಗಿರುತ್ತದೆ. 2020ರ ಫೆಬ್ರವರಿ 20ರ ಬೆಳಗಿನ ಜಾವ ಇದೇ ತಿರುಪ್ಪೂರು ಜಿಲ್ಲೆಯ ಅವಿನಾಶಿಯಲ್ಲಿ ಕೇರಳದ ಬಸ್ಸಿಗೆ ಕಂಟೇನರ್ ಲಾರಿ ಬಡಿದು 19 ಜನ ತೀರಿಹೋದಾಗ ಪೊಲೀಸರು ಹೇಳಿದ ಕಾರಣ ಮದ್ಯವಲ್ಲ, ಚಾಲಕನ ನಿದ್ದೆ. ಊದಿಸುವ ಯಂತ್ರ ನಿದ್ದೆಯನ್ನು ಹಿಡಿಯುವುದಿಲ್ಲ.

ಇಷ್ಟೆಲ್ಲ ಕೇಳಿ ನನಗೆ ಉತ್ಸಾಹ ಬಂತು. 2 ಗಂಟೆ ಮೀರಿದೆ, ರಕ್ತ ತೆಗೆದಿಲ್ಲ, ಹಾಗಾದರೆ ಕೇಸು ಬಿದ್ದಂತೆಯೇ ಎಂದೆ. ವಕೀಲರು ನಕ್ಕರು. ಅವಧಿ ಮೀರಿದರೆ ಬಂಧನದಿಂದ ಬಿಡಬೇಕು ಎಂದಿದೆಯೇ ಹೊರತು ಆಪಾದನೆ ತಾನಾಗಿ ಬೀಳುತ್ತದೆಂದಿಲ್ಲ. ಯಂತ್ರದ ಚೀಟಿ ಹಾಗೆಯೇ ಇದೆ. ಆ ಯಂತ್ರ ಸರಕಾರ ಒಪ್ಪಿದ ಮಾದರಿಯದೇ, ಅದನ್ನು ಕೊನೆಯ ಬಾರಿ ಪರಿಶೀಲಿಸಿ ಸರಿಪಡಿಸಿದ್ದು ಯಾವಾಗ ಎಂದು ಪಾಟೀಸವಾಲಿನಲ್ಲಿ ಕೇಳಬಹುದು, ಕೇಳಿ ಗೆದ್ದವರೂ ಉಂಟು. "ಆದರೆ ಇವನು ಏನು ಹೇಳಬೇಕೆಂದಿದ್ದಾನೆ, ಅದನ್ನು ಮೊದಲು ತಿಳಿಯಿರಿ" ಎಂದರು. ಇನ್ನೊಂದನ್ನೂ ಸೇರಿಸಿದರು. ಕೋರ್ಟಿನಲ್ಲಿ ಗೆದ್ದರೂ ವಿಮೆಯವರ ಹತ್ತಿರ ಗೆದ್ದಂತಲ್ಲ. ಉಸಿರಿನ ಪರೀಕ್ಷೆ ಇಲ್ಲದಿದ್ದರೂ ಚಾಲಕ ಕುಡಿದಿದ್ದನೆಂದು ಬೇರೆ ಸಂಗತಿಗಳಿಂದ ತೋರಿಸಿಕೊಟ್ಟು ಕಂಪೆನಿ ಪರಿಹಾರ ನಿರಾಕರಿಸಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಆ ರಾತ್ರಿ ವಸತಿಗೃಹದಲ್ಲಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ದೀಪ ಆರಿಸಿದ ಮೇಲೆ ಹೇಳಿದ: "ಕುಡಿದದ್ದನ್ನು ಕುಡಿದೆ ಅಂತ ಹೇಳುತ್ತೇನೆ ಮಾಷ್ಟ್ರೇ. ಜನರ ಮೇಲೆ ಬಿಟ್ಟೆ ಅಂತ ಮಾತ್ರ ಹೇಳಲಾರೆ." ಸಹೋದ್ಯೋಗಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನನಗೆ ಆಗ ಅನಿಸಿತು.

ಮರುದಿನ ಮ್ಯಾಜಿಸ್ಟ್ರೇಟರ ಕೋರ್ಟಿನ ಜಗಲಿಯಲ್ಲಿ ಇಂಥದೇ ಆಪಾದನೆಯವರು ಹತ್ತು ಹದಿನೈದು ಮಂದಿ ಇದ್ದರು. ಬನಿಯನ್ ಕಂಪೆನಿಗಳ ಕೆಲಸಗಾರರು, ಬಿಹಾರ ಒಡಿಶಾಗಳಿಂದ ಬಂದ ಹುಡುಗರೂ. ಹೆಸರು ಕೂಗುತ್ತಾರೆ, ಒಳಗೆ ಹೋಗುತ್ತಾರೆ, ತಮಿಳಿನಲ್ಲಿ ಏನೋ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಹಣ ಕಟ್ಟಲು ಹೋಗುತ್ತಾರೆ. ಒಬ್ಬನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಅವರಲ್ಲಿ ಎಷ್ಟು ಮಂದಿಗೆ ತಾವು ಯಾವುದಕ್ಕೆ ತಲೆಯಾಡಿಸಿದೆವೆಂದು ತಿಳಿದಿತ್ತು? ಕಾರ್ಖಾನೆ ಕಾರ್ಮಿಕರಿಗೂ ಬಂಧನದಲ್ಲಿರುವವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಖರ್ಚಿಲ್ಲದೆ ವಕೀಲರನ್ನು ಕೊಡಬೇಕೆಂದು 1987ರ ಕಾಯಿದೆಯಲ್ಲಿದೆ. ಕೇಳಿದವರು ಅಲ್ಲಿ ಯಾರೂ ಕಾಣಲಿಲ್ಲ.

ಭಾಷೆಯ ಈ ಸಂಗತಿ ನಮ್ಮಂಥ ಗಡಿನಾಡಿನವರಿಗೆ ಮುಖ್ಯ. 1962ರಲ್ಲೇ ಹರಿಕಿಸನ್ ಎಂಬವರ ಮೊಕದ್ದಮೆಯಲ್ಲಿ, ಹಿಂದಿ ಮಾತ್ರ ಬಲ್ಲವನಿಗೆ ಇಂಗ್ಲಿಷಿನಲ್ಲಿ ಬಂಧನದ ಕಾರಣ ಕೊಟ್ಟರೆ ಕೊಟ್ಟಂತಾಗಲಿಲ್ಲವೆಂದು ಸುಪ್ರೀಂ ಕೋರ್ಟು ಅವನನ್ನು ಬಿಡಿಸಿತು. ಅದು ಮುನ್ನೆಚ್ಚರಿಕೆ ಬಂಧನದ ಪ್ರಕರಣ. 2025ರ ನವೆಂಬರ್ 6ರಂದು ಬಂದ ತೀರ್ಪು ಇನ್ನೂ ಮುಂದಕ್ಕೆ ಹೋಯಿತು: ಅಪರಾಧ ಯಾವುದೇ ಇರಲಿ, ದಸ್ತಗಿರಿಯ ಕಾರಣವನ್ನು ಬರಹದಲ್ಲಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದು, ಕೂಡಲೇ ಆಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಬರಹ ಕೊಡಬೇಕು. ಆ ತೀರ್ಪು ಹುಟ್ಟಿದ್ದು ಮುಂಬಯಿಯ ವರ್ಲಿಯಲ್ಲಿ 2024ರ ಜುಲೈಯಲ್ಲಿ ಕಾರೊಂದು ಸ್ಕೂಟರಿಗೆ ಬಡಿದು ಹೆಂಗಸೊಬ್ಬರು ತೀರಿಹೋದ ಪ್ರಕರಣದಿಂದ. ಶ್ರೀಮಂತನ ಮೊಕದ್ದಮೆಯಿಂದ ಬಡವನಿಗೂ ಒಂದು ಹಕ್ಕು ದಕ್ಕಿತೆನ್ನಬೇಕು. ನಮ್ಮ ಹುಡುಗ ಸಿಕ್ಕಿಬಿದ್ದದ್ದು ಅದಕ್ಕಿಂತ ಮೊದಲು.

ಕೋರ್ಟಿನೊಳಗಿನ ಹಕ್ಕು ಇದಕ್ಕಿಂತ ಹಳೆಯದು. ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ಬಂದರೆ ಅವನಿಗೆ ತಿಳಿಯುವ ಭಾಷೆಗೆ ಭಾಷಾಂತರಿಸಿ ಹೇಳಬೇಕು. ತಪ್ಪೊಪ್ಪಿಕೊಂಡರೆ, ಅದನ್ನು ಆದಷ್ಟು ಮಟ್ಟಿಗೆ ಅವನು ಆಡಿದ ಮಾತುಗಳಲ್ಲೇ ದಾಖಲಿಸಬೇಕು. ವಕೀಲರು ಇದನ್ನೇ ವಿನಂತಿಸಿದರು. ಮ್ಯಾಜಿಸ್ಟ್ರೇಟರು ಒಮ್ಮೆ ಗಡಿಯಾರ ನೋಡಿದರು, ಹೊರಗೆ ಕಾಯುತ್ತಿದ್ದವರ ಸಾಲು ನೋಡಿದರು. ಕನ್ನಡ ಬಲ್ಲವರು ಇದ್ದಾರೆಯೇ ಎಂದು ಕೇಳಿದರು. ನಮ್ಮ ಗುಮಾಸ್ತರು ಎದ್ದು ನಿಂತರು. ಯಥಾರ್ಥವಾಗಿ ಭಾಷಾಂತರಿಸುತ್ತೇನೆಂದು ಪ್ರಮಾಣ ಮಾಡಿಸಿದರು.

ಹುಡುಗ ಕೈಕಟ್ಟಿ ನಿಂತು ಹೇಳಿದ: "ಊಟದ ಮನೆಯಲ್ಲಿ ಎರಡು ಗ್ಲಾಸು ಬ್ರಾಂದಿ ಕುಡಿದಿದ್ದೆ. ಕುಡಿದು ಗಾಡಿ ಬಿಟ್ಟದ್ದು ತಪ್ಪು. ಗಾಡಿ ನೇರವಾಗಿ ಬರುತ್ತಿತ್ತು. ಯಾರ ಮೇಲೂ ಹಾಯಲಿಲ್ಲ. ಆ ಕಾಗದ ನಾನು ಓದಿದ್ದಲ್ಲ, ನನಗೆ ಓದಿ ಹೇಳಿದ್ದೂ ಅಲ್ಲ." ಗುಮಾಸ್ತರು ಒಂದೊಂದೇ ವಾಕ್ಯ ತಮಿಳು ಮಾಡಿದರು. ಬರೆಯುವವರು ಬರೆದುಕೊಂಡರು.

ಮೊದಲ ಆಪಾದನೆಗೆ 10,000 ರೂಪಾಯಿ ಜುಲ್ಮಾನೆ. ಎರಡನೆಯದರ ಮೇಲೆ ಸಾಕ್ಷಿ ವಿಚಾರಣೆಗೆ ವಾಯಿದೆ ಹಾಕಿದರು. ಚಹಾ ಅಂಗಡಿಯವರನ್ನು ಕರೆಸಬೇಕು. ಜುಲ್ಮಾನೆಯಲ್ಲಿ ಅರ್ಧ ಗಾಡಿಯ ಯಜಮಾನರು ಮುಂಗಡ ಕೊಟ್ಟರು, ಸಂಬಳದಿಂದ ಕಳೆಯುತ್ತಾರಂತೆ. ಲೈಸನ್ಸಿನ ಸಂಗತಿ ಬೇರೆಯೇ ಉಂಟು. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ನೇತೃತ್ವದ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷಾ ಸಮಿತಿ 2015ರಲ್ಲಿ ಕೊಟ್ಟ ನಿರ್ದೇಶದಂತೆ, ಕುಡಿದು ಓಡಿಸಿದವನ ಲೈಸನ್ಸನ್ನು ಕಡಿಮೆಯೆಂದರೆ 3 ತಿಂಗಳು ಅಮಾನತಿನಲ್ಲಿಡುತ್ತಾರೆ. ಆ ಮೂರು ತಿಂಗಳು ಅವನು ಇನ್ನೊಬ್ಬನ ಗಾಡಿಯಲ್ಲಿ ಕಟ್ಟು ಇಳಿಸುವ ಕೆಲಸಕ್ಕೆ ಹೋದ.

ಹೊರಡುವಾಗ ಗುಮಾಸ್ತರಿಗೆ ಏನಾದರೂ ಕೊಡಲು ಹೋದೆವು, ತೆಗೆದುಕೊಳ್ಳಲಿಲ್ಲ. ಮೊಮ್ಮಗಳಿಗೆ ಒಂದನೇ ತರಗತಿಯ ಕನ್ನಡ ಪುಸ್ತಕ ಸಿಕ್ಕೀತೇ ಎಂದು ಕೇಳಿದರು. ಮುಂದಿನ ವಾಯಿದೆಗೆ ಹೋಗುವಾಗ ಒಯ್ಯಲು ಎರಡು ತೆಗೆದಿಟ್ಟಿದ್ದೇನೆ, ಅವರಿಗೂ ಒಂದಿರಲಿ ಎಂದು.

ಊರಿಗೆ ಬಂದ ಮೇಲೆ ಕೋರ್ಟಿನಲ್ಲಿ ಹುಡುಗ ಹೇಳಿದ್ದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಅವನ ತಾಯಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದರು. ಎರಡನೆಯ ಸಲ, ಎರಡು ಗ್ಲಾಸು ಎಂಬಲ್ಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ಮೊನ್ನೆ ನನ್ನ ಹತ್ತಿರ ಮೂರು ಅಂತ ಹೇಳಿದ್ದ ಮಾಷ್ಟ್ರೇ" ಎಂದರು.